ಪಶು ಆಸ್ಪತ್ರೆಯ ಇಂಟರ್ನ್‌ಶಿಪ್ ಮುಗಿಸುವ ಮುನ್ನ ಏನೇನು ಮಾಡಿರಬೇಕು?

ಪ್ರಶ್ನೆ (ಇಂಟರ್ನ್, ಹಾಸನ):
ಬಿ.ವಿ.ಎಸ್ಸಿ. ಪದವಿಯ ಕೊನೆಯ ವರ್ಷದ ಇಂಟರ್ನ್‌ಶಿಪ್‌ನ ಭಾಗವಾಗಿ ತಾಲ್ಲೂಕು ಪಶು ಆಸ್ಪತ್ರೆಯೊಂದರಲ್ಲಿದ್ದೇನೆ. ಇಲ್ಲಿನ ಅವಧಿ ಮುಗಿಯಲು ಇನ್ನು ಹತ್ತು ದಿನ ಬಾಕಿಯಿದೆ. ಲಾಗ್‌ಬುಕ್ ಅರ್ಧಂಬರ್ಧ ತುಂಬಿದೆ. ನಾನೇ ನೋಡುತ್ತಿರುವ ಕೆಲವು ಹಸುಗಳ ಚಿಕಿತ್ಸೆ ಅಷ್ಟರೊಳಗೆ ಮುಗಿಯುವಂತೆ ಕಾಣುವುದಿಲ್ಲ. ಹೊರಡುವ ದಿನ ಸಿಬ್ಬಂದಿಗೆ ಉಡುಗೊರೆ ಕೊಡುವ ಪದ್ಧತಿಯೂ ಇದೆಯಂತೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಪಶುವೈದ್ಯಾಧಿಕಾರಿ, 14 ವರ್ಷ ಸೇವೆ):
ಲಾಗ್‌ಬುಕ್ಕನ್ನು ಇಂದೇ ಹಿಡಿಯಿರಿ. ಕೊನೆಯ ದಿನ ಎಂಬತ್ತು ಕೇಸುಗಳನ್ನು ಒಟ್ಟಿಗೆ ತಂದು ಸಹಿ ಕೇಳುವ ವಿದ್ಯಾರ್ಥಿಗೆ ನಾನು ಸಹಿ ಹಾಕುತ್ತೇನೆ, ಆದರೆ ಓದಿ ಹಾಕುವುದಿಲ್ಲ; ಅದರಿಂದ ನಷ್ಟ ಅವರಿಗೇ. ಹೊರರೋಗಿ ನೋಂದಣಿ ಪುಸ್ತಕದ ಕ್ರಮಸಂಖ್ಯೆಯನ್ನು ಪ್ರತಿ ಕೇಸಿನ ಪಕ್ಕದಲ್ಲಿ ಬರೆದುಕೊಂಡರೆ ಮುಂದೆ ಯಾರು ಕೇಳಿದರೂ ತಾಳೆ ನೋಡಬಹುದು.

ಅದಕ್ಕಿಂತ ಮುಖ್ಯವಾದದ್ದು ಅರ್ಧಕ್ಕೆ ನಿಂತ ಕೇಸುಗಳ ಪಟ್ಟಿ. ರೈತರ ಹೆಸರು, ಊರು, ಹಸುವಿನ ಕಿವಿಯೋಲೆಯ ಸಂಖ್ಯೆ, ಕೊಟ್ಟ ಔಷಧ, ಮುಂದಿನ ಡೋಸಿನ ದಿನ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯಾಧಿಕಾರಿಗಳ ಕೈಗೇ ಕೊಡಿ. ಕೊನೆಯ ಮೂರು ವಾರಗಳಲ್ಲಿ ನೀವು ಕೃತಕ ಗರ್ಭಧಾರಣೆ ಮಾಡಿದ ಹಸುಗಳನ್ನೂ ಅದರಲ್ಲಿ ಸೇರಿಸಿ. ಗರ್ಭ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಅವು ಮತ್ತೆ ಬೆದೆಗೆ ಬರುತ್ತವೆ, ಆಗ ನೀವು ಅಲ್ಲಿರುವುದಿಲ್ಲ.

ಉತ್ತರ 2 (ಕಳೆದ ವರ್ಷ ಪದವಿ ಮುಗಿಸಿದವರು):
ಮೇಲಿನವರು ಹೇಳಿದ ಆ ಹಾಳೆಯನ್ನು ನಾನು ಬರೆದಿರಲಿಲ್ಲ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಔಷಧದ ಟ್ಯೂಬ್ ಏರಿಸುತ್ತಿದ್ದ ಒಂದು ಹಸುವಿನ ಮನೆಯವರಿಗೆ, ನಾಡಿದ್ದು ಬಂದು ನೋಡುತ್ತೇನೆ, ಅಲ್ಲಿಯವರೆಗೆ ಡೈರಿಗೆ ಹಾಲು ಹಾಕಬೇಡಿ ಎಂದು ಹೇಳಿ ಬಂದಿದ್ದೆ. ಮರುದಿನ ಶನಿವಾರ ನನ್ನ ಅವಧಿ ಮುಗಿಯಿತು, ಸಮೋಸ ಹಂಚಿ ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದೆ. ಹನ್ನೊಂದು ದಿನ ಕಳೆದ ಮೇಲೆ ಆ ಮನೆಯ ಅಜ್ಜಿ ಫೋನ್ ಮಾಡಿ, "ಡಾಕ್ಟ್ರೇ, ಹಾಲು ಇನ್ನೂ ಚೆಲ್ಲಬೇಕಾ?" ಎಂದು ಕೇಳಿದರು. ನಾನು ಬಂದು ಹೇಳಲೆಂದು ಅವರು ಅಷ್ಟು ದಿನವೂ ಹೊತ್ತಿಗೆ ನಾಲ್ಕು ಲೀಟರು ಹಾಲನ್ನು ತಿಪ್ಪೆಗೆ ಸುರಿದಿದ್ದರು.

ಆದ್ದರಿಂದ ಹಾಳೆ ಕೊಡುವುದರ ಜೊತೆಗೆ ರೈತರಿಗೂ ನೀವೇ ಹೇಳಿ: ನಾನು ಇಂಥ ದಿನದಿಂದ ಇರುವುದಿಲ್ಲ, ಇನ್ನು ಮುಂದೆ ಇವರನ್ನು ಕೇಳಿ ಎಂದು. ಹೋದ ಮೇಲೂ ಕರೆಗಳು ಬರುತ್ತವೆ. ಫೋನಿನಲ್ಲಿ ಔಷಧ ಹೇಳದೆ ಆಸ್ಪತ್ರೆಗೆ, ತುರ್ತಿದ್ದರೆ ಪಶು ಚಿಕಿತ್ಸಾ ಸಹಾಯವಾಣಿ 1962ಕ್ಕೆ ಕಳುಹಿಸಿ. ರಾಜ್ಯ ಪಶುವೈದ್ಯಕೀಯ ಪರಿಷತ್ತಿನಲ್ಲಿ ನಿಮ್ಮ ಪೂರ್ಣ ನೋಂದಣಿ ಇನ್ನೂ ಆಗಿರುವುದಿಲ್ಲ ಎಂಬುದು ನೆನಪಿರಲಿ.

ಉತ್ತರ 3 (ಪಶುವೈದ್ಯಕೀಯ ಪರೀಕ್ಷಕರು):
ಉಡುಗೊರೆಯ ಬಗ್ಗೆ ಒಂದು ಮಾತು. ಗಡಿಯಾರ, ಶಾಲು ಯಾವುದೂ ಬೇಡ. ನೀವು ತೆಗೆದುಕೊಂಡಿದ್ದ ಥರ್ಮಾಮೀಟರು, ಕೃತಕ ಗರ್ಭಧಾರಣೆಯ (ಎ.ಐ.) ಗನ್ನುಗಳನ್ನು ತೊಳೆದು ಇದ್ದ ಜಾಗದಲ್ಲಿಡಿ. ಹಸು ಒದೆಯದಂತೆ ಹಿಡಿದುಕೊಟ್ಟ ಡಿ ದರ್ಜೆ ನೌಕರರಿಗೆ ಹೇಳದೆ ಹೋಗಬೇಡಿ. ಹೆಚ್ಚಿನವರು ಸಾಹೇಬರಿಗೆ ಮಾತ್ರ ಹೇಳಿ ಹೋಗುತ್ತಾರೆ.

ಪ್ರಶ್ನಿಸಿದವರು:
ಎಲ್ಲರಿಗೂ ಧನ್ಯವಾದಗಳು. ಪಟ್ಟಿ ಬರೆಯಲು ಕುಳಿತೆ, ಹದಿಮೂರು ಹಸು, ಎರಡು ಎಮ್ಮೆ ಬಂದವು. ನಾಲ್ಕು ಹಸುಗಳ ಕಿವಿಯೋಲೆಯ ಸಂಖ್ಯೆ ನನ್ನ ಬಳಿ ಇಲ್ಲ. ನಾಳೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಆ ಮನೆಗಳಿಗೆ ಹೋಗಿಬರುತ್ತೇನೆ.