ಬಾವಲಿಗೆ ‘ಹೇಗಾಗುತ್ತದೆ’? – ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಾವು ಕೆಲವರು ಸೇರಿ ಓದುವ ಕೂಟಕ್ಕಾಗಿ ಮನಸ್ಸಿನ ತತ್ತ್ವಶಾಸ್ತ್ರದ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗೆಲ್ 1974ರಲ್ಲಿ ಬರೆದ ಬಾವಲಿಯ ಪ್ರಬಂಧದ ಶೀರ್ಷಿಕೆಯಲ್ಲೇ (‘What Is It Like to Be a Bat?’) ಸಿಕ್ಕಿಕೊಂಡೆ. ಬಾವಲಿಯೆಂದರೆ ನಮ್ಮ ಗುಡ್ಡದ ಗೇರುಹಣ್ಣು ಚೀಪುವ ದೊಡ್ಡದಲ್ಲ. ಹಂಚಿನ ಸಂದಿಯಲ್ಲಿದ್ದು ಇರುಳು ಹುಳ ಹಿಡಿಯುವ ಚಿಕ್ಕದು. ತಾನೇ ಹೊರಡಿಸಿದ ಸದ್ದಿನ ಮಾರ್ದನಿಯಿಂದ ಅದು ದಾರಿಯನ್ನೂ ಬೇಟೆಯನ್ನೂ ತಿಳಿಯುತ್ತದೆ. ಅದರ ಕಿವಿ, ಮಿದುಳು ಕೆಲಸ ಮಾಡುವ ಬಗೆಯೆಲ್ಲ ಗೊತ್ತಾದರೂ, ಆ ಹೊತ್ತಿನಲ್ಲಿ ಅದರ ಒಳಗೆ ಏನಾಗುತ್ತದೆಂಬುದು ನಮ್ಮ ಕೈಗೆ ಸಿಗದು ಎಂಬುದು ನೇಗೆಲ್ ವಾದ.

ಮೊದಲು ‘ಬಾವಲಿಯಾಗಿರುವುದು ಹೇಗಿರುತ್ತದೆ?’ ಎಂದು ಬರೆದೆ. ಓದಿದರೆ ಕನ್ನಡವೇ ಅಲ್ಲ.

ದಾರಿ ತೋರಿಸಿದ್ದು ಅಮ್ಮ. ಸೊಂಟದ ಆಪರೇಷನ್ ಆದ ರಾತ್ರಿ, ನೋವಿನ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಾದ ಮೇಲೆ ಸಿಸ್ಟರ್ ಬಂದು “ನೋವುಂಟಾ ಅಮ್ಮಾ?” ಎಂದು ಕೇಳಿದರು. ಅಮ್ಮ ಕಣ್ಣು ತೆರೆಯದೆ, “ಉಂಟು. ಆದ್ರೆ ನಂಗೆ ಆಗ್ತಾ ಇಲ್ಲ” ಅಂದರು.

ತಡೆಯಲಾಗುತ್ತಿಲ್ಲ ಎಂದಲ್ಲ, ನೋವು ಇದ್ದರೂ ತನಗೆ ತಟ್ಟುತ್ತಿಲ್ಲ ಎಂದು. ಉಂಟು ಬೇರೆ, ಆಗುವುದು ಬೇರೆ! ನೋವು, ಹಸಿವೆ, ನಾಚಿಕೆ, ಖುಷಿ ಎಲ್ಲವೂ ಕನ್ನಡದಲ್ಲಿ ‘ನನಗೆ’ ಆಗುವಂಥವು, ‘ನಾನು’ ಮಾಡುವಂಥವಲ್ಲ. ಯಾರಿಗೆ ಆಗುತ್ತಿದೆ ಎಂಬುದನ್ನು ಚತುರ್ಥಿ ವಿಭಕ್ತಿಯೇ ಹೇಳಿಬಿಡುತ್ತದೆ. ಹಾಗಾಗಿ ‘ಬಾವಲಿಗೆ ಹೇಗಾಗುತ್ತದೆ?’ ಎಂದು ತಿದ್ದಿದೆ. ಗೆಳತಿಯೊಬ್ಬಳು ಮಾತ್ರ ಬಾವಲಿಗೆ ಹುಷಾರಿಲ್ಲವೆಂದೇ ಓದಿಕೊಂಡಳು. ಆ ಅರ್ಥವೂ ಬರುತ್ತದೆ, ಒಪ್ಪಬೇಕು.

ಶೀರ್ಷಿಕೆಗೆ ಕ್ರಿಯಾಪದ ಸಾಕು. ಬರಹದ ಒಳಗೆ ಈ ‘ಆಗುವುದ’ಕ್ಕೆ ಒಂದು ನಾಮಪದ ಬೇಕೇ ಬೇಕು. ಮಿದುಳಿನ ಕೆಲಸದ ಜೊತೆಗೆ ಹೀಗೆ ಒಳಗೆ ಆಗುವುದಾದರೂ ಏಕೆ ಎಂಬುದನ್ನೇ 1995ರಲ್ಲಿ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ‘ಕಠಿಣ ಸಮಸ್ಯೆ’ ಎಂದು ಕರೆದದ್ದು. ‘ಪ್ರಜ್ಞೆ’ ಎಂದರೆ ನಮಗೆ ನೆನಪಾಗುವುದು ತಪ್ಪುವ ಪ್ರಜ್ಞೆ, ಇಲ್ಲವೇ ಸಾಮಾಜಿಕ ಪ್ರಜ್ಞೆ. ‘ಅನುಭವ’ವನ್ನು ಹತ್ತು ವರ್ಷದ ಸರ್ವೀಸಿಗೂ ಬಳಸುತ್ತೇವೆ. ‘ಅನುಭೂತಿ’ ಕಾವ್ಯದ ಕಡೆ ಎಳೆಯುತ್ತದೆ. ಊರು ಉಡುಪಿಯಾದ್ದರಿಂದ ಮಧ್ವಮತದ ‘ಸಾಕ್ಷಿ’ಯನ್ನು ಹಲವರು ಸೂಚಿಸಿದರು. ಸುಖದುಃಖಗಳನ್ನು ನೇರವಾಗಿ ಅರಿಯುವ, ಜೀವಸ್ವರೂಪವೇ ಆದ ಇಂದ್ರಿಯ ಅದು. ಬಹಳ ಹತ್ತಿರದ ವಿಚಾರ. ಆದರೆ ಸಾಕ್ಷಿ ಅರಿಯುವಂಥದ್ದು. ನನಗೆ ಬೇಕಾದದ್ದು ಹುಳಿಯ ಹುಳಿತನ, ನೋವಿನ ನೋವುತನ.

‘ಆಗುವಿಕೆ’ ಎಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ‘ಆಗುಹೋಗು’ ಅಡ್ಡ ಬರುತ್ತದೆಯೇ? ತುಳುವಿನಲ್ಲೋ ಕುಂದಾಪುರದ ಕನ್ನಡದಲ್ಲೋ ಇದಕ್ಕೆ ಮನೆಮಾತಿನ ಪದವಿದ್ದರೆ, ಬಳಸುವ ವಾಕ್ಯದ ಸಮೇತ ತಿಳಿಸಿ.