19 ವರ್ಷದ ರಾಣಿ ಗಟ್ಟಿಗಿತ್ತಿ, ಆದ್ರೆ ಕಥೆಯೊಳಗಿನ ರಾಜಕೀಯ ಪೊಳ್ಳು ಅಂತಿದಾರೆ, ಹೇಗೆ ಸರಿ ಮಾಡ್ಲಿ?

ತುಂಗಾತೀರ_ಓದುಗಿ

ಎಲ್ರಿಗೂ ನಮಸ್ಕಾರ, ಇಲ್ಲಿ ಫ್ಯಾಂಟಸಿ ಓದೋರು, ಇತಿಹಾಸ ಓದೋರು ಇಬ್ರೂ ಇದೀರ ಅಂತ ಧೈರ್ಯ ಮಾಡಿ ಕೇಳ್ತಾ ಇದೀನಿ. ಎರಡು ವರ್ಷದಿಂದ ಒಂದು ಕಾದಂಬರಿ ಬರೀತಿದೀನಿ, ಕನ್ನಡದಲ್ಲೇ. ಘಟ್ಟದ ಮೇಲೆ ಅರ್ಧ, ಕಡಲ ಕಡೆ ಅರ್ಧ ಇರೋ ಒಂದು ಸಣ್ಣ ರಾಜ್ಯ, ಪೂರ್ತಿ ಕಲ್ಪನೆ. ರಾಜ ತೀರ್ಕೊಂಡ ಮೇಲೆ ಅವನ 19 ವರ್ಷದ ಮಗಳು ಪಟ್ಟಕ್ಕೆ ಬರ್ತಾಳೆ. ಆ ವಂಶದೋರು ಕರೆದ್ರೆ ಮಳೆ ಬರುತ್ತೆ, ಫ್ಯಾಂಟಸಿ ಅಂದ್ರೆ ಅಷ್ಟೇ, ಬೇರೆ ಮಾಟ ಮಂತ್ರ ಏನೂ ಇಲ್ಲ. ಚಿಕ್ಕಪ್ಪ ಸಿಂಹಾಸನದ ಮೇಲೆ ಕಣ್ಣಿಟ್ಟಿದಾನೆ, ಪಕ್ಕದ ದೊಡ್ಡ ರಾಜ್ಯದೋರು ಕಪ್ಪ ಕೇಳ್ತಿದಾರೆ, ಹುಡುಗಿ ಯಾರಿಗೂ ಜಗ್ಗಲ್ಲ.

ಮೂರು ಜನ ಫ್ರೆಂಡ್ಸ್‌ಗೆ ಓದೋಕೆ ಕೊಟ್ಟೆ. ಮೂರೂ ಜನ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದ್ರು. ರಾಣಿ ತುಂಬಾ ಇಷ್ಟ ಆದ್ಲು, ಆದ್ರೆ ಅವಳು ಸಭೇಲಿ ಎದ್ದು ನಿಂತು ನಾಲ್ಕು ಮಾತಾಡಿದ ತಕ್ಷಣ ಮಂತ್ರಿ, ಸೇನಾಪತಿ ಎಲ್ಲಾ ತಲೆ ತಗ್ಗಿಸ್ತಾರೆ, ಯಾಕೆ ತಗ್ಗಿಸ್ತಾರೆ ಅಂತಾನೇ ಗೊತ್ತಾಗಲ್ಲ ಅಂತ. ಅವತ್ತಿಂದ ನಿದ್ದೆ ಇಲ್ಲ ನಂಗೆ. ನಾನು ಚಿಕ್ಕೋಳಿದ್ದಾಗ ಕೇಳಿದ ಕಥೆಗಳಲ್ಲೆಲ್ಲ ರಾಜಕುಮಾರಿ ಅಂದ್ರೆ ಏಳು ಸುತ್ತಿನ ಕೋಟೆಯೊಳಗೆ ಯಾರೋ ಬಂದು ಬಿಡಿಸ್ಲಿ ಅಂತ ಕಾಯ್ತಾ ಕೂತಿರೋಳು, ಹಂಗಿರದ ಒಬ್ಬಳನ್ನ ಬರೀಬೇಕು ಅಂತಾನೇ ಶುರು ಮಾಡಿದ್ದು, ಈಗ ನೋಡಿದ್ರೆ ಅವಳಿಗೆ ಬಾಯಿ ಮಾತ್ರ ಕೊಟ್ಟಿದೀನಿ ಅನ್ನಿಸ್ತಿದೆ. ನಿಜವಾದ ರಾಣಿಯರು ಆ ವಯಸ್ಸಲ್ಲಿ ಹೇಗೆ ಆಳಿದ್ರು? ಎಲ್ಲಿಂದ ಶುರು ಮಾಡ್ಲಿ?

ಹಳೇ_ಶಾಸನ

ಮೇಡಂ, ನಿಮ್ಮ ರಾಣಿ ಸರಿಯಾಗೇ ಇದಾಳೆ ಅನ್ಸುತ್ತೆ, ನೀವು ಇನ್ನೂ ಬರೀದೇ ಇರೋದು ತಲೆ ತಗ್ಗಿಸೋರನ್ನ. ಇಂಗ್ಲೆಂಡಿನ ಜೇನ್ ಗ್ರೇ ವಿಷ್ಯ ನೋಡಿ, 1553, ಇನ್ನೂ ಹದಿಹರೆಯದ ಹುಡುಗಿ. ದೊಡ್ಡೋರೆಲ್ಲ ಸೇರಿ ರಾಣಿ ಅಂತ ಘೋಷಣೆ ಮಾಡಿದ್ರು. ಹುಡುಗಿ ಏನೂ ಸಾಮಾನ್ಯದೋಳಲ್ಲ, ಗಂಡನಿಗೆ ಕಿರೀಟ ಕೊಡಲ್ಲ, ಬೇಕಾದ್ರೆ ಡ್ಯೂಕ್ ಮಾಡ್ತೀನಿ ಅಂತ ಮುಖಕ್ಕೆ ಹೇಳಿದೋಳು. ಎಷ್ಟು ದಿನ ಆಳಿದ್ಲು? 9 ದಿನ. ಅವಳನ್ನ ಕೂರಿಸಿದ ಕೌನ್ಸಿಲ್ಲೇ ತಿರುಗಿಬಿದ್ದು ತೀರ್ಕೊಂಡ ರಾಜನ ಅಕ್ಕ ಮೇರೀನ ರಾಣಿ ಅಂತು, ಯಾಕಂದ್ರೆ ಜನ, ಸೈನ್ಯ ಎಲ್ಲಾ ಮೇರಿ ಕಡೆ ಹೋಗ್ತಾ ಇದ್ರು. ಛಲ ಇದ್ದೂ ಏನೂ ನಡೀಲಿಲ್ಲ. ಆಮೇಲೆ ತಲೇನೇ ಹೋಯ್ತು.

ಈಗ ನಮ್ಮ ಕೆಳದಿ ಚೆನ್ನಮ್ಮಾಜಿ. ವ್ಯಾಪಾರಿ ಮನೆತನದ ಮಗಳು, ರಾಜನ್ನ ಮದುವೆಯಾಗಿ ಬಂದೋಳು. ಗಂಡ ಸೋಮಶೇಖರ ನಾಯಕನ ಕೊಲೆ ಆಯ್ತು, ಮಕ್ಕಳಿಲ್ಲ, ಬಿಜಾಪುರದ ಸೈನ್ಯ ಬಾಗಿಲಿಗೆ ಬಂದಿದೆ. ಅವಳು ಕತ್ತಿ ಹಿಡ್ಕೊಂಡು ರಾಜಧಾನಿ ಬಿದನೂರಿನ ಕೋಟೆ ಮೇಲೆ ನಿಂತ್ಕೊಳ್ಲಿಲ್ಲ, ಬಿದನೂರು ಬಿಟ್ಟು ಕಾಡೊಳಗಿನ ಭುವನಗಿರಿ ದುರ್ಗಕ್ಕೆ ಹೋದ್ಲು, ಅಲ್ಲಿ ಪಟ್ಟ ಕಟ್ಟಿಸ್ಕೊಂಡ್ಲು, ಜನ ಸೇರಿಸಿದ್ಲು, ಆಮೇಲೆ ಬಿದನೂರನ್ನ ವಾಪಸ್ ಹಿಡಿದ್ಲು. 1672ರಿಂದ 1697ರ ತನಕ 25 ವರ್ಷ ಆಳಿದ್ಲು. ಬಸಪ್ಪ ಅನ್ನೋ ಹುಡುಗನ್ನ ದತ್ತು ತಗೊಂಡು ಮುಂದೆ ಯಾರು ಅನ್ನೋ ಪ್ರಶ್ನೆಗೂ ಉತ್ತರ ಕಂಡುಕೊಂಡ್ಲು. ಶಿವಾಜಿ ಮಗ ರಾಜಾರಾಮ ಮೊಗಲರಿಂದ ತಪ್ಪಿಸ್ಕೊಂಡು ಜಿಂಜಿಗೆ ಹೋಗೋವಾಗ ಆಶ್ರಯ ಕೊಟ್ಟಿದ್ದು ಎಲ್ರಿಗೂ ಗೊತ್ತು, ಆದ್ರೆ ಆ ಧೈರ್ಯಕ್ಕೆ ಹಿಂದೆ 17 ವರ್ಷದ ತಯಾರಿ ಇತ್ತು ಅನ್ನೋದನ್ನ ನಾವು ಮರೀತೀವಿ.

ಹಂಗಾಗಿ ನನ್ನ ಸಲಹೆ, ನಿಮ್ಮ ರಾಣಿಗೆ ಒಂದು ಸಲ ರಾಜಧಾನಿ ಬಿಟ್ಟು ಹೋಗೋ ಸೀನ್ ಕೊಡಿ. ಅವಳ ಜೊತೆ ಯಾರ್ಯಾರು ಹೊರಟ್ರು, ಯಾರು ಕಾಯಿಲೆ ನೆಪ ಹೇಳಿ ಉಳ್ಕೊಂಡ್ರು, ಅದನ್ನ ಬರೀರಿ. ಅಲ್ಲಿಂದ ರಾಜಕೀಯ ತಾನೇ ಹುಟ್ಟುತ್ತೆ.

ಕಡಲ_ಬದಿ

ಮೇಲಿನವರು ಹೇಳಿದ್ದು ಸರಿ, ಆದ್ರೆ ಅದಕ್ಕಿಂತ ಮುಂಚೆ ಒಂದು ಪ್ರಶ್ನೆ ಉಂಟು. ನಿಮ್ಮ ರಾಜ್ಯದಲ್ಲಿ ಮಗಳಿಗೆ ಯಾಕೆ ಪಟ್ಟ ಬಂತು? ಗಂಡು ಮಕ್ಕಳಿಲ್ಲ ಅಂತ ಅನಿವಾರ್ಯವಾಗಿ ಬಂತಾ, ಇಲ್ಲಾ ಪದ್ಧತಿಯೇ ಹಾಗಾ? ಎರಡೂ ಬೇರೆ ಬೇರೆ ಕಥೆ ಆಗ್ತದೆ. ನಮ್ಮ ತುಳುನಾಡಿನ ಅಳಿಯಸಂತಾನದಲ್ಲಿ ಹಕ್ಕು ಹೋಗುವುದೇ ತಾಯಿಯ ಕಡೆಯಿಂದ. ಉಳ್ಳಾಲದ ಅಬ್ಬಕ್ಕ ಜೈನ ಚೌಟ ಮನೆತನದವಳು, ಅವಳು ಪಟ್ಟಕ್ಕೆ ಬಂದದ್ದು ಅಲ್ಲಿನವರಿಗೆ ಅಚ್ಚರಿಯ ವಿಷಯ ಅಲ್ಲ. ಅವಳ ಜಗಳ ಇದ್ದದ್ದು ಕಪ್ಪ ಕೇಳಿದ ಪೋರ್ಚುಗೀಸರ ಹತ್ರ, ಮತ್ತೆ ಗಂಡನ ಹತ್ರ. ಗಂಡ ಮಂಗಳೂರಿನ ಬಂಗ ಅರಸ, ಮದುವೆ ಮುರಿದು ಅವಳು ಉಳ್ಳಾಲದಲ್ಲೇ ಉಳಿದಳು, ಅವನು ಕೊಟ್ಟ ಒಡವೆ ವಾಪಸ್ ಕಳಿಸಿದಳು ಅಂತ ಹೇಳ್ತಾರೆ ನಮ್ಮ ಕಡೆ.

ಪದ್ಧತಿಯೇ ಇಲ್ಲದ ಕಡೆ ಏನು ಮಾಡ್ತಿದ್ರು ಗೊತ್ತುಂಟಾ? ಹೆಂಗಸನ್ನೇ ಗಂಡಸಿನ ಬಿರುದಲ್ಲಿ ಕರೀತಿದ್ರು. ಪೋಲೆಂಡಿನಲ್ಲಿ 1384ರಲ್ಲಿ ಯಡ್ವಿಗಾ ಅನ್ನುವ ಸಣ್ಣ ಹುಡುಗಿಗೆ ಪಟ್ಟ ಕಟ್ಟಿದಾಗ ರಾಣಿ ಅಂತ ಅಲ್ಲ, ರಾಜ ಅಂತಲೇ ಕಟ್ಟಿದ್ದು. ಓರುಗಲ್ಲಿನ ಕಾಕತೀಯ ರುದ್ರಮದೇವಿ ಶಾಸನಗಳಲ್ಲಿ ರುದ್ರದೇವ ಮಹಾರಾಜ. ನಿಮ್ಮ ಕಥೆಯ ಸಭೆಯಲ್ಲಿ ಅವಳನ್ನು ಏನಂತ ಕರೀಬೇಕು ಅನ್ನುವುದೇ ಮೊದಲ ಜಗಳ ಆಗ್ಲಿ, ಚಿಕ್ಕಪ್ಪ ಅಲ್ಲಿಂದಲೇ ಶುರು ಮಾಡ್ಲಿ.

ಮದುವೆ ವಿಷಯವೂ ಮರೀಬೇಡಿ. ಜಾರ್ಜಿಯಾದ ತಾಮಾರ್ 1184ರಲ್ಲಿ ಒಬ್ಬಳೇ ಆಳ್ಲಿಕ್ಕೆ ಶುರು ಮಾಡಿದಾಗ ಸರದಾರರೇ ಸೇರಿ ಒಬ್ಬ ಗಂಡನ್ನ ತಂದು ಕಟ್ಟಿದ್ರು, ಅವಳು ಸ್ವಲ್ಪ ವರ್ಷ ಸಹಿಸಿ ಅವನನ್ನು ಬಿಟ್ಟು ದೇಶದಿಂದಲೇ ಕಳಿಸಿದಳು, ಅವನು ಆಮೇಲೆ ಸೈನ್ಯ ಕಟ್ಟಿಕೊಂಡು ಎರಡು ಸಲ ಬಂದ, ಎರಡು ಸಲವೂ ಸೋತ. ಇಂಥದ್ದು ನಾವು ಕಲ್ಪನೆ ಮಾಡ್ಲಿಕ್ಕೂ ಕಷ್ಟ.

ಬೆಂಗ್ಳೂರ್_ಬುಕ್‌ಶೆಲ್ಫ್

ನಂದು ಸ್ವಲ್ಪ ಬೇರೆ ಅಭಿಪ್ರಾಯ, ಬೇಜಾರ್ ಮಾಡ್ಕೋಬೇಡಿ. ಇಷ್ಟೆಲ್ಲ ಇತಿಹಾಸ ತುರುಕಿದ್ರೆ ಹುಡುಗಿ ಎಲ್ಲಿ ಹೋಗ್ತಾಳೆ? ನಾನು ಫ್ಯಾಂಟಸಿ ಓದೋದು ಆ ಪಾತ್ರದ ಜೊತೆ ಇರೋಕೆ, ತೆರಿಗೆ ಲೆಕ್ಕ ಓದೋಕಲ್ಲ. ಅವಳು ಪಟ್ಟಕ್ಕೆ ಬಂದ ರಾತ್ರಿ ಒಬ್ಳೇ ಕೂತು ಅಪ್ಪನ್ನ ನೆನೆಸ್ಕೊಳ್ತಾಳಾ, ಭಯ ಪಡ್ತಾಳಾ, ತಪ್ಪು ಮಾಡ್ತಾಳಾ? ಅವಳ ಹಠದಿಂದ ಒಬ್ಬ ಒಳ್ಳೆಯೋನು ಸತ್ತು ಹೋಗ್ಬೇಕು, ಆಗ ಅವಳ ಹಠ ನಂಗೆ ಮುಖ್ಯ ಆಗುತ್ತೆ. ಎಲ್ಲಾ ಸಲ ಅವಳೇ ಸರಿ ಅಂದ್ರೆ ಪುಸ್ತಕ ಮಡಚಿ ಇಡ್ತೀನಿ.

ಧಾರವಾಡ_ಮಂದಿ

ತಂಗಿ, ತೆರಿಗಿ ಲೆಕ್ಕ ಬ್ಯಾಡ ಅಂತ ಮ್ಯಾಲಿನ ಅಣ್ಣಾರು ಅಂದ್ರಲ್ಲ, ನಾ ಅದರ ಬಗ್ಗೇನ ಹೇಳಾಕ ಬಂದೀನಿ ನೋಡ್ರಿ. ಕಿತ್ತೂರು ಚೆನ್ನಮ್ಮನ ಕಥಿ ಎಲ್ಲಾರೂ ಕೇಳ್ಯಾರ, 1824ರ ಅಕ್ಟೋಬರ್ 23ಕ್ಕ ಥ್ಯಾಕರೆ ಸತ್ತಿದ್ದು ಸಾಲಿ ಹುಡುಗ್ರಿಗೂ ಗೊತ್ತೈತಿ. ಆದ್ರ ಜಗಳ ಹೆಂಗ ಹತ್ತಿತು? ಬ್ರಿಟಿಷರು ದತ್ತು ಮಗನ್ನ ಒಪ್ಪಂಗಿಲ್ಲ ಅಂದ್ರು, ಹಂಗ ಅಂದವರು ಮೊದಲ ಕೈ ಹಾಕಿದ್ದು ಎದಕ್ಕ? ಖಜಾನೆಕ್ಕ. ಬೀಗಮುದ್ರಿ ಹಾಕಿ ಕಾವಲು ಇಟ್ರು. ರೊಕ್ಕ ಹ್ವಾದ ಮ್ಯಾಲ ಸಿಪಾಯಿಗೆ ಪಗಾರ ಯಾರು ಕೊಡಬೇಕ್ರಿ? ಆಕಿ ಚಿಕ್ಕ ಹುಡುಗಿ ಅಲ್ಲ, ನಲವತ್ತು ದಾಟಿದಾಕಿ, ಅದಕ್ಕ ಆಕಿಗೆ ಇದು ಕೂಡ್ಲೇ ತಿಳೀತು. 19 ವರ್ಷದ ಹುಡುಗಿಗೆ ಮೊದಲ ದಿನ ತಿಳಿಯೂದಿಲ್ಲ, ತಿಳಿಯಾಕ ಒಂದು ಅಧ್ಯಾಯ ಬೇಕು. ಖಜಾನೆ ಕೀಲಿಕೈ ಯಾರ ಸೊಂಟದಾಗ ಐತಿ ಅಂತ ಮೊದಲ ಪುಟದಾಗ ತೋರಿಸ್ರಿ. ಚಿಕ್ಕಪ್ಪನ ಸೊಂಟದಾಗ ಇದ್ರ ಇನ್ನೂ ಚಲೋ.

ತೋಟದ_ಮನೆ

ನಾನು ಇತಿಹಾಸ ಓದಿದವನಲ್ಲ, ಅಡಿಕೆ ತೋಟ ಮಾಡ್ಕಂಡು ಇರೋನು, ಶಿರಸಿ ಕಡೆ. ಆದ್ರೆ ಎಲ್ರೂ ಖಜಾನೆ, ಮದುವೆ ಅಂತ ಮಾತಾಡಿದ್ರು, ಅಷ್ಟು ದೊಡ್ಡ ವಿಷಯ ಮಳೆ, ಅದನ್ನ ಯಾರೂ ಮುಟ್ಟಲೇ ಇಲ್ಲ. ಕರೆದ್ರೆ ಮಳೆ ಬರ್ತದೆ ಅಂತ ನೀವು ವರ ಅನ್ನೋ ಹಾಗೆ ಬರ್ದಿದೀರಿ. ಯಾರಿಗೆ ವರ?

ಮುಂಗಾರು ಶುರುವಲ್ಲಿ ಒಳ್ಳೆ ಮಳೆ ಬಿದ್ರೆ ಕಾಳುಮೆಣಸಿನ ಬಳ್ಳಿ ಗೊಂಚಲು ಬಿಡ್ತದೆ, ಮೆಣಸು ಬೆಳೆಯೋನು ಕೈ ಮುಗೀತಾನೆ. ಅದೇ ಮಳೆ ಆಷಾಢದಲ್ಲಿ ಬಿಡದೇ ಹೊಡೆದ್ರೆ ಅಡಿಕೆಗೆ ಕೊಳೆರೋಗ, ಎಳೇ ಕಾಯಿ ಎಲ್ಲಾ ಮರದ ಬುಡಕ್ಕೆ, ಆ ವರ್ಷ ಮುಗೀತು. ಕೊಯ್ಲಾದ ಮೇಲೆ ಅಂಗಳದಲ್ಲಿ ಅಡಿಕೆ ಹರವಿದಾಗ ಒಂದು ಮಳೆ ಬಂದ್ರೂ ಸಾಕು, ಮನೆ ಮಂದಿ ಎಲ್ಲಾ ಊಟ ಬಿಟ್ಟು ಓಡ್ಬೇಕು. ಘಟ್ಟದ ಕೆಳಗೆ ಹೋಗಿ, ಗೋಕರ್ಣದ ಹತ್ರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ ಇದಾವೆ, ಬೇಸಿಗೆ ಬಿಸಿಲಲ್ಲಿ ಸಮುದ್ರದ ನೀರು ಒಣಗಿಸಿ ಉಪ್ಪು ಎಳೀತಾರೆ. ಮಾರ್ಚಲ್ಲೋ ಏಪ್ರಿಲಲ್ಲೋ ಒಂದು ಅಡ್ಡ ಮಳೆ ಬಂದ್ರೆ ಅಷ್ಟೂ ಉಪ್ಪು ಕರಗಿ ನೀರು. ಮೀನು ಒಣಗ್ಸೋರದ್ದೂ ಅದೇ ಕಥೆ. ಆದ್ರೆ ಅದೇ ಹೊತ್ತಿಗೆ ಘಟ್ಟದ ಮೇಲೆ ನಮ್ಮ ಬಾವಿ ತಳ ಕಂಡಿರ್ತದೆ, ತೋಟ ಒಣಗ್ತಾ ಇರ್ತದೆ, ನಾವು ಒಂದು ಮಳೆಗೆ ಬಾಯಿ ಬಿಡ್ತಾ ಇರ್ತೇವೆ.

ಈಗ ಹೇಳಿ, ನಿಮ್ಮ ರಾಣಿ ಏಪ್ರಿಲಲ್ಲಿ ಮಳೆ ಕರೀತಾಳೋ ಇಲ್ವೋ? ಕರೆದ್ರೆ ಕೆಳಗಿನೋರು ಹಾಳು, ಕರೀದಿದ್ರೆ ಮೇಲಿನೋರು. ಮೆಣಸಿಗೆ ಸುಂಕ ಜಾಸ್ತಿ ಬರ್ತದೆ, ಉಪ್ಪಿಗೆ ಕಡಿಮೆ, ಹಂಗಾಗಿ ಮಂತ್ರಿ ಮೆಣಸಿನ ಕಡೆ. ಗೇರುಸೊಪ್ಪೆ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೀತಿದ್ರು, ಐವತ್ತು ವರ್ಷದ ಮೇಲೆ ಆಳಿದೋಳು, ಅಷ್ಟು ಬೆಲೆ ಇತ್ತು ಆ ಕಾಳಿಗೆ. ಕೊನೆಗೆ ಕೆಳದಿಯೋರು ಹಿಡ್ಕಂಡು ಹೋಗಿ ಇಕ್ಕೇರಿಯಲ್ಲಿ ಸೆರೆ ಇಟ್ರು, ಅಲ್ಲೇ ತೀರ್ಕಂಡ್ಲು ಪಾಪ. ನಮ್ಮ ಕಡೆ ಆ ಕಾಡೊಳಗಿನ ಚತುರ್ಮುಖ ಬಸದಿ ನೋಡಿದ್ರೆ ಈಗಲೂ ಮನಸ್ಸು ಭಾರ ಆಗ್ತದೆ. ಅಲ್ಲಿಗೆ ಒಂದ್ಸಲ ಬನ್ನಿ, ಬರೆಯೋರು ನೋಡ್ಬೇಕಾದ ಜಾಗ.

ಬೆಂಗ್ಳೂರ್_ಬುಕ್‌ಶೆಲ್ಫ್

ತೋಟದ ಮನೆ ಅಣ್ಣ, ನಾನು ಮೇಲೆ ಬರೆದಿದ್ದನ್ನ ವಾಪಸ್ ತಗೋತೀನಿ. ಈ ಲೆಕ್ಕ ಇದ್ರೆ ನಾನು ರಾತ್ರಿಯೆಲ್ಲಾ ಕೂತು ಓದ್ತೀನಿ.

ತುಂಗಾತೀರ_ಓದುಗಿ

ಎಲ್ರ ಉತ್ತರಾನೂ ಮೂರು ಸಲ ಓದಿದೆ, ನೋಟ್‌ಬುಕ್ಕಲ್ಲಿ ಬರ್ಕೊಂಡೆ. ತೋಟದ ಮನೆ ಅವ್ರೆ, ನಾನೇ ಮಲೆನಾಡಲ್ಲಿ ಹುಟ್ಟಿ ಬೆಳೆದು, ಅಂಗಳದ ಅಡಿಕೆ ಎತ್ತೋಕೆ ನಡುರಾತ್ರಿ ಅಜ್ಜಿ ಜೊತೆ ಓಡಿರೋಳು, ಇದು ಹೊಳೀಲೇ ಇಲ್ವಲ್ಲ ಅಂತ ಕಣ್ಣಲ್ಲಿ ನೀರು ಬಂತು. ಪಕ್ಕದ ರಾಜ್ಯದೋರು ಕಪ್ಪವಾಗಿ ಚಿನ್ನ ಕೇಳ್ತಾರೆ ಅಂತ ಬರೆದಿದ್ದೆ, ಈಗ ಅವರು ಕೇಳೋದು ಮಳೆ, ನಿಮ್ಮ ಕಡೆ ಕರೀಬೇಡ ನಮ್ಮ ಕಡೆ ಕಳ್ಸು ಅಂತ.

ಸಭೆಯ ಸೀನ್ ಪೂರ್ತಿ ತೆಗೆದು ಹಾಕಿದೆ ನಿನ್ನೆ, 14 ಪುಟ. ಹೊಸದ್ರಲ್ಲಿ ಉಪ್ಪಿನ ಆಗರದ ಒಬ್ಬ ಹೆಂಗಸು ಕರಗಿದ ಉಪ್ಪುನೀರನ್ನ ಒಂದು ಗಡಿಗೇಲಿ ತಂದು ರಾಣಿ ಮುಂದೆ ಇಡ್ತಾಳೆ, ಹಿಂದಿನ ವಾರ ಘಟ್ಟದ ಮೇಲಿನೋರ ಮಾತು ಕೇಳಿ ಮಳೆ ಕರೆದಿದ್ದು ಇದೇ ರಾಣಿ. ಯಾರೂ ತಲೆ ತಗ್ಗಿಸಲ್ಲ. ಖಜಾನೆಯಿಂದ ಆ ಹೆಂಗಸಿಗೆ ನಷ್ಟ ಕೊಡಿ ಅಂತಾಳೆ ರಾಣಿ, ಚಿಕ್ಕಪ್ಪ ಸೊಂಟದ ಕೀಲಿಕೈ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಂತಿರ್ತಾನೆ. ಅಲ್ಲಿಗೆ ನಿಲ್ಲಿಸಿದೀನಿ, ಮುಂದಿನ ಭಾನುವಾರ ಇಲ್ಲೇ ಹಾಕ್ತೀನಿ, ದಯವಿಟ್ಟು ಓದಿ ಬೈಯ್ರಿ. ಸಾಣಿಕಟ್ಟೆ ಕಡೆಯೋರು ಯಾರಾದ್ರೂ ಇದ್ರೆ ಒಂದು ಹೇಳಿ, ಮಳೆ ಬಿದ್ದ ಮೇಲೆ ಆಗರಾನ ಮತ್ತೆ ಮೊದಲಿಂದ ಕಟ್ಟಬೇಕಾ, ಇಲ್ಲಾ ನೀರು ಹೊರಗೆ ಬಿಟ್ರೆ ಸಾಕಾ?