ಯಾಜಕ ಎಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಪಕ್ಕದ ಮನೆ ಹುಡುಗನ ಗುರುದೀಕ್ಷೆಗೆ, ಅಂದರೆ ಅವನು ಕ್ಯಾಥೊಲಿಕ್ ಪಾದ್ರಿಯಾಗುವ ವಿಧಿಗೆ, ಹೋಗಿದ್ದೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದ್ದದ್ದು ‘ಗುರು’. ಚರ್ಚಿನಲ್ಲಿ ಓದಿದ ಬೈಬಲ್ ಭಾಗದಲ್ಲಿ ಕಿವಿಗೆ ಬಿದ್ದದ್ದು ‘ಯಾಜಕ’. ಊಟಕ್ಕೆ ಕೂತಾಗ ಅವನ ಅಜ್ಜಿ, ಕೊಂಕಣಿಯವರು, ‘ನಮ್ ಹುಡ್ಗ ಇನ್ನು ಪಾದ್ರ್ಯಾಬ್’ ಎಂದು ಕಣ್ಣೊರೆಸಿಕೊಂಡರು. ನಮ್ಮ ಬೀದಿಯವರಿಗೆ ಅವನು ಅವತ್ತಿನಿಂದಲೇ ‘ಫಾದರ್’. ಪಾದ್ರಿ ಪೋರ್ಚುಗೀಸರ ‘ಪಾದ್ರೆ’, ತಂದೆ ಎಂದೇ ಅರ್ಥ. ಫಾದರ್ ಕೂಡ ಅದೇ. ಗುರು ಗೊತ್ತಿದ್ದದ್ದೇ. ನನಗೆ ಸಿಕ್ಕಾಗಿರುವುದು ಯಾಜಕ.

ಯಜನವೆಂದರೆ ತನಗಾಗಿ ಮಾಡುವ ಯಜ್ಞ, ಯಾಜನವೆಂದರೆ ಇನ್ನೊಬ್ಬರಿಗೆ ಮಾಡಿಸಿಕೊಡುವುದು. ಮಾಡಿಸುವವನು ಯಾಜಕ, ಮಾಡಿಸಿಕೊಳ್ಳುವವನು ಯಜಮಾನ. ಇವರಲ್ಲಿ ಯಜಮಾನ ನಮ್ಮ ಮನೆಗೂ ತೋಟಕ್ಕೂ ಬಂದು ಸೇರಿಕೊಂಡ. ‘ಯಜಮಾನ್ರು ಕೊನೆ ಕೊಯ್ಲಿಗೆ ಹೋಗಿದಾರೆ’ ಅನ್ನುವಾಗ ಯಾರಿಗೆ ಯಜ್ಞ ನೆನಪಾಗುತ್ತದೆ? ಯಾಜಕ ಮಾತ್ರ ಆಡುಮಾತಿಗೆ ಇಳಿಯಲೇ ಇಲ್ಲ. ಸಾಗರ, ತೀರ್ಥಹಳ್ಳಿ ಕಡೆ ಹೋಮ ಮಾಡಿಸಲು ಬರುವವರು ಭಟ್ಟರು, ಪುರೋಹಿತರು. ಯಾಜಕರು ಬಂದರು ಎಂದದ್ದನ್ನು ನಾನಂತೂ ಕೇಳಿಲ್ಲ.

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಗೆ ಈ ಪದ ಚೆನ್ನಾಗಿ ಕೂರುತ್ತದೆ. ಮೋಶೆಯ ಅಣ್ಣ ಆರೋನನೂ ಅವನ ಮಕ್ಕಳೂ ಜನರಿಗಾಗಿ ಬಲಿ ಅರ್ಪಿಸುತ್ತಿದ್ದವರು. ಗ್ರೀಕಿನಲ್ಲಿ ಇವರು ‘ಹಿಯೆರೆಯುಸ್’. ತೊಡಕು ಶುರುವಾಗುವುದು ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ. ಅಲ್ಲಿ ಸಭೆ ನಡೆಸುವವರಿಗೆ ಆ ಹೆಸರಿಲ್ಲ, ‘ಪ್ರೆಸ್ಬುತೆರೊಸ್’ ಎಂಬ ಹೆಸರಿದೆ, ಅಂದರೆ ಹಿರಿಯ. (ಇಂಗ್ಲಿಷಿನ ಪ್ರೀಸ್ಟ್ ಇದೇ ಪದ ಸವೆದು ಆದದ್ದು. ಹಿರಿಯ ಎಂಬ ಪದ ಹೋಗಿ ಯಾಜಕನ ಅಂಗಿ ತೊಟ್ಟುಕೊಂಡಿತು!) ಅದೇ ಭಾಗದ, ಇಬ್ರಿಯರಿಗೆ ಬರೆದ ಪತ್ರದಲ್ಲಿ ಕ್ರಿಸ್ತನೇ ಮಹಾಯಾಜಕ. ಅವನು ಯಾಜಕರು ಬರುತ್ತಿದ್ದ ಲೇವಿ ಕುಲದವನಲ್ಲ, ಯೂದ ಕುಲದವನು. ಹಾಗಾಗಿ ಅವನ ಯಾಜಕತ್ವಕ್ಕೆ ಅಬ್ರಹಾಮನ ಕಾಲದ ಅರಸನೂ ಯಾಜಕನೂ ಆಗಿದ್ದ ಮೆಲ್ಕಿಚೆದೇಕನ ಸಾಲು. ಅರ್ಪಿಸುವವನೂ ಅವನೇ, ಬಲಿಯೂ ಅವನೇ, ಅದೂ ಒಂದೇ ಸಲ. ಪೇತ್ರನ ಮೊದಲ ಪತ್ರವಂತೂ ನಂಬಿದವರೆಲ್ಲರನ್ನೂ ಯಾಜಕರೆನ್ನುತ್ತದೆ.

ಪ್ರಾಟೆಸ್ಟಂಟರು ‘ಸಭಾಪಾಲಕ’ ಅನ್ನುವುದರ ಹಿಂದೆ ಈ ಲೆಕ್ಕ ಇದೆ. ಕ್ಯಾಥೊಲಿಕರಲ್ಲಿ ಪೂಜೆಯ ಹೆಸರೇ ಬಲಿಪೂಜೆ, ನಡೆಸುವವರು ಯಾಜಕರೇ ಆಗಬೇಕು. ಕ್ಯಾಥೊಲಿಕ್ ಬಿಷಪ್‌ಗಳ ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಸಭೆ 1964ರಲ್ಲಿ ದೀಕ್ಷಾಸ್ನಾನ ಪಡೆದ ಎಲ್ಲರ ಯಾಜಕತ್ವ ಬೇರೆ, ಗುರುದೀಕ್ಷೆ ಪಡೆದವರದು ಬೇರೆ ಎಂದು ಬಿಡಿಸಿ ಹೇಳಿತು. ಆದರೂ ಕನ್ನಡದ ಬಾಯಿಗೆ ಬಂದದ್ದು ಗುರು. ಗುರು ಕಲಿಸುವವನು, ಆ ಪದದಲ್ಲಿ ಬಲಿ ಇಲ್ಲ. ಆಪ್ತವಾದ ಪದವೇ, ಆದರೆ ಒತ್ತು ಬಲಿಪೀಠದಿಂದ ಪಾಠಕ್ಕೆ ಜಾರಿದೆ ಅನ್ನಿಸುತ್ತದೆ.

ಇನ್ನು ಬೈಬಲಿನ ಎರಡೂ ಭಾಗಗಳ ಹೆಸರಲ್ಲಿರುವ ಒಡಂಬಡಿಕೆ. ಅಡಿಕೆ ಚೇಣಿಗೆ, ಅಂದರೆ ಫಸಲನ್ನು ಗುತ್ತಿಗೆಗೆ, ಕೊಡುವಾಗ ತೋಟದವನೂ ಚೇಣಿದಾರನೂ ಕೂತು ಮಾತಾಡಿ ಒಪ್ಪಿದರೆ ಅದು ಒಡಂಬಡಿಕೆ. ಇದಕ್ಕೆ ಮೂಲವಾದ ಗ್ರೀಕಿನ ‘ದಿಯಾಥೇಕೆ’ ಉಯಿಲಿಗೂ ಸಲ್ಲುವ ಪದ. ಬರೆದವನು ಸತ್ತ ಮೇಲೇ ಉಯಿಲು ಜಾರಿ ಎಂದು ಇಬ್ರಿಯ 9ನೇ ಅಧ್ಯಾಯ ಕ್ರಿಸ್ತನ ಸಾವಿಗೆ ತಳಕು ಹಾಕುವುದು ಈ ಎರಡನೇ ಅರ್ಥದ ಮೇಲೆ. ಕನ್ನಡದಲ್ಲಿ ಆ ಎಳೆ ಕಾಣುವುದಿಲ್ಲ.

ಎರಡು ಪ್ರಶ್ನೆ. ಭದ್ರಾವತಿ, ಹೊಸನಗರ, ಕೊಪ್ಪದ ಕಡೆ ಕ್ರೈಸ್ತರ ಮನೆಮಾತಿನಲ್ಲಿ ಯಾಜಕ ಎಂದು ಕರೆದದ್ದನ್ನು ಯಾರಾದರೂ ಕೇಳಿದ್ದೀರಾ? ಕರಾರು, ಉಯಿಲು ಎರಡನ್ನೂ ಹೊರಬಲ್ಲ ಒಂದು ಕನ್ನಡ ಪದ ಹೊಳೆಯುತ್ತದೆಯೇ?